ಹಳೆಯ ತೊಲೆಗಳಿಂದ ಒಂಬತ್ತು ಅಡಿಯ ಊಟದ ಮೇಜು: ಕಟ್ಟಿದ್ದಾಯಿತು, ಚಿತ್ರದಲ್ಲಿ ಹಿಡಿಯುವುದು ಹೇಗೆ?

ತೊಲೆಬಾಗಿಲು, ಕೊಪ್ಪಳ

ಯಲಬುರ್ಗಾ ಕಡೆಯ ನಮ್ಮ ಹಳ್ಳಿಯಲ್ಲಿದ್ದ ಹಿರಿಯರ ಮಾಳಿಗೆ ಮನೆಯನ್ನು ಎರಡು ವರ್ಷಗಳ ಹಿಂದೆ ಇಳಿಸಬೇಕಾಯಿತು. ಮೇಲ್ಮುದ್ದೆಯ ಮಣ್ಣು ತೆಗೆದಾಗ ಜಂತಿಗಳಲ್ಲಿ ಹೆಚ್ಚಿನವು ಗೆದ್ದಲಿಗೆ ತುತ್ತಾಗಿರುವುದು ಕಂಡಿತು. ಪಡಸಾಲೆಯ ಮೇಲಿದ್ದ ನಾಲ್ಕು ಸಾಗುವಾನಿ ತೊಲೆಗಳು ಮಾತ್ರ ಬಡಿದರೆ ಗಂಟೆಯಂತೆ ನುಡಿಯುತ್ತಿದ್ದವು. ಅವುಗಳನ್ನು ಮಾರಲು ನಾವು ಐವರು ಒಡಹುಟ್ಟಿದವರಲ್ಲಿ ಯಾರಿಗೂ ಮನಸ್ಸು ಬರಲಿಲ್ಲ. ಕೊನೆಗೆ ಎಲ್ಲರೂ ಸೇರಿದಾಗ ಒಟ್ಟಿಗೆ ಕುಳಿತು ಉಣ್ಣುವಂಥ ಒಂದು ಮೇಜನ್ನು ಮಾಡಿಸುವುದೆಂದು ನಿಶ್ಚಯವಾಯಿತು. ನೆಲದ ಮೇಲೆ ಸಾಲಾಗಿ ಕುಳಿತು ಉಣ್ಣುವುದೇ ನಮ್ಮ ಮನೆಯ ಪದ್ಧತಿಯಾದರೂ, ಅವ್ವನ ಮೊಣಕಾಲು ಈಗ ಅದಕ್ಕೆ ಒಪ್ಪುತ್ತಿಲ್ಲ.

ಅಳತೆಯನ್ನು ಗಂಗಾಳದಿಂದಲೇ, ಅಂದರೆ ಊಟದ ತಟ್ಟೆಯಿಂದಲೇ, ಲೆಕ್ಕ ಹಾಕಿದೆ. ಎದುರುಬದುರು ಕುಳಿತವರ ಗಂಗಾಳಗಳಿಗೆ ತಲಾ 12 ಇಂಚು, ನಡುವೆ ರೊಟ್ಟಿ ಬುಟ್ಟಿ, ಪಲ್ಲೆಯ ಪಾತ್ರೆ, ನೀರಿನ ತಂಬಿಗೆಗಳಿಗೆ 18 ಇಂಚು. ಒಟ್ಟು ಅಗಲ 42 ಇಂಚು. ಒಬ್ಬೊಬ್ಬರಿಗೆ ಎರಡು ಅಡಿಯಂತೆ ಒಂದೊಂದು ಬದಿಗೆ ನಾಲ್ವರು, ತುದಿಗಳಲ್ಲಿ ಒಬ್ಬೊಬ್ಬರು ಎಂದಾಗ ಉದ್ದ 9 ಅಡಿಗೆ ಬಂದು ನಿಂತಿತು. ಎತ್ತರ 30 ಇಂಚು, ಹಲಗೆಯ ದಪ್ಪ ಹದಗೊಳಿಸಿದ ಮೇಲೆ ಒಂದೂಮುಕ್ಕಾಲು ಇಂಚು. ಕಾಲುಗಳನ್ನು ಇಟಗಿಯ ಮಹಾದೇವ ದೇವಾಲಯದ ಕಂಬಗಳಂತೆ ತಿರುಗಣೆಯಲ್ಲಿ ಕಡೆಸಬೇಕೆಂದು ತಮ್ಮ ಹಟ ಹಿಡಿದಿದ್ದ. 1112ರಲ್ಲಿ ಕಲ್ಲಿನಲ್ಲಿ ಮಾಡಿದ ಆ ಕೆಲಸವನ್ನು ಮತ್ತೊಮ್ಮೆ ಹೋಗಿ ನೋಡಿ ಬಂದ ಮೇಲೆ, ಅದನ್ನು ಅಣಕಿಸುವ ಧೈರ್ಯ ಸಾಲದೆ ಚೌಕ ಕಾಲುಗಳಿಗೇ ಸಮಾಧಾನಪಟ್ಟುಕೊಂಡೆವು.

ತೊಲೆಗಳು ತಲಾ 10 ಅಡಿ ಉದ್ದ, 7 ಇಂಚು ಅಗಲ, 6 ಇಂಚು ದಪ್ಪ ಇದ್ದವು. ಸಾಮಿಲ್‌ನವರು ಮೊದಲು ಮುಟ್ಟಲೂ ಒಪ್ಪಲಿಲ್ಲ, ಏಕೆಂದರೆ ಹಳೆಯ ತೊಲೆಯೊಳಗೆ ಮುರಿದು ಉಳಿದ ಒಂದು ಮೊಳೆ ಸಾಕು, ಗರಗಸದ ಪಟ್ಟಿ ಹಾಳಾಗುತ್ತದೆ. ಹಳೆಯ ಸ್ಪೀಕರ್‌ನಿಂದ ಬಿಚ್ಚಿದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ, ತೊಲೆಯ ನಾಲ್ಕೂ ಮುಖಗಳ ಮೇಲೆ ಒಂದಿಂಚೂ ಬಿಡದೆ ಆಡಿಸಿ, ಅದು ಎಲ್ಲೆಲ್ಲಿ ವಾಲಿತೋ ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ, ಮೂವತ್ತಕ್ಕೂ ಹೆಚ್ಚು ಮೊಳೆಗಳನ್ನು ಕಿತ್ತೆವು. ಹೊರಗೆ ಒಲೆಯ ಹೊಗೆಗೆ ಕಪ್ಪಾಗಿದ್ದ ಮರ, ಗರಗಸ ಹಾಯ್ದೊಡನೆ ಒಳಗೆ ಹಸಿರು ಮಿಶ್ರಿತ ಕಂದು ಬಣ್ಣದಲ್ಲಿ ಹೊಳೆಯಿತು. ಹೊಸ ಚಪ್ಪಲಿಯ ತೊಗಲಿನಂಥ ವಾಸನೆ ಅಡ್ಡೆಯ ತುಂಬ ಹರಡಿತು. ಒಂದೊಂದು ತೊಲೆಯಿಂದ ಎರಡು ಇಂಚು ದಪ್ಪದ ಎರಡು ಹಲಗೆಗಳು ದೊರೆತವು. ಅವುಗಳಲ್ಲಿ ಆರಿಂಚು ಅಗಲದ ಏಳನ್ನು ಆಯ್ದು ಮೇಲ್ಭಾಗಕ್ಕೆ ಜೋಡಿಸಿದೆವು, ಮಿಕ್ಕ ತುಂಡುಗಳನ್ನು ಎರಡೆರಡು ಬೆಸೆದು ಕಾಲು ಮಾಡಿದೆವು.

ಇನ್ನು ನನ್ನ ತಪ್ಪು. ಆಗಸ್ಟ್ ತಿಂಗಳ ಜಿಟಿಜಿಟಿ ಮಳೆಯಲ್ಲಿ ಹಲಗೆಗಳನ್ನು ಅಂಟಿಸಿ, ಕೆಳಗಿನ ಚೌಕಟ್ಟಿಗೆ ಹದಿನಾರು ಸ್ಕ್ರೂಗಳಿಂದ ಬಿಗಿಯಾಗಿ ಕಟ್ಟಿಬಿಟ್ಟೆ. ಅಷ್ಟು ವರ್ಷ ಮಾಳಿಗೆ ಹೊತ್ತ ಮರ ಇನ್ನೇನು ಅಲುಗುತ್ತದೆ ಎಂಬುದು ನನ್ನ ಲೆಕ್ಕವಾಗಿತ್ತು. ಏಪ್ರಿಲ್ ತಿಂಗಳ ಒಂದು ರಾತ್ರಿ ಪಡಸಾಲೆಯಲ್ಲಿ ಪಟಾಕಿ ಸಿಡಿದಂಥ ಸಪ್ಪಳವಾಯಿತು. ಬೆಳಿಗ್ಗೆ ನೋಡಿದರೆ ಮೂರನೆಯ ಮತ್ತು ನಾಲ್ಕನೆಯ ಹಲಗೆಗಳ ನಡುವೆ, ತುದಿಯಿಂದ ಹದಿನಾಲ್ಕು ಇಂಚು ಒಳಗಿನವರೆಗೆ, ನಾಲ್ಕಾಣೆ ನಾಣ್ಯ ತೂರುವಷ್ಟು ಸೀಳು ಬಿಟ್ಟಿತ್ತು. ಸ್ಕ್ರೂಗಳನ್ನೆಲ್ಲ ಬಿಚ್ಚಿ ಅಳೆದಾಗ ಅಗಲವು ಆಗಸ್ಟ್‌ನಲ್ಲಿದ್ದುದಕ್ಕಿಂತ ಹತ್ತಿರ ಹತ್ತಿರ ಆರು ಮಿಲಿಮೀಟರ್ ಕಡಿಮೆಯಾಗಿತ್ತು. ಸೀಳಿನ ಉದ್ದಕ್ಕೂ ಗರಗಸದಿಂದ ಕೊಯ್ದು, ಅಂಚುಗಳನ್ನು ಮತ್ತೆ ರಂದಾ ಹೊಡೆದು ಅಂಟಿಸಿದ್ದಾಯಿತು. ಈಗ ಮೇಜು ಸರಿಯಾಗಿದೆ.

ನನ್ನ ಪ್ರಶ್ನೆ ಎರಡನೆಯ ಕಷ್ಟದ ಕುರಿತು. ಮೇಜಿನ ಚಿತ್ರಗಳನ್ನು ಒಡಹುಟ್ಟಿದವರಿಗೆ ಕಳಿಸಬೇಕು. ಫೋನಿನಲ್ಲಿ ತೆಗೆದ ಒಂದು ಚಿತ್ರದಲ್ಲಿ ಅದು ಶಾಲೆಯ ಬೆಂಚಿನಂತೆಯೂ ಇನ್ನೊಂದರಲ್ಲಿ ಮೂತಿ ಚೂಪಾದ ದೋಣಿಯಂತೆಯೂ ಕಾಣುತ್ತದೆ. ಟ್ಯೂಬ್‌ಲೈಟಿನಲ್ಲಿ ಮರದ ಬಣ್ಣ ಕಿತ್ತಳೆಗೆ ತಿರುಗುತ್ತದೆ, ಹಗಲಿನಲ್ಲಿ ಕಿಟಕಿಯ ಬಿಳಿ ಪಟ್ಟೆ ಅರ್ಧ ಮೇಜನ್ನು ನುಂಗುತ್ತದೆ. ರಾಯಚೂರಿನಲ್ಲಿರುವ ಅಕ್ಕ ಚಿತ್ರ ನೋಡಿ, "ಪ್ಲೈವುಡ್ ಅಂಗಡ್ಯಾಗ ತಂದಂಗ ಐತಲ್ಲೋ" ಎಂದಳು. ನಾಲ್ಕು ತೊಲೆಗಳಿಗೆ ಈ ಮಾತು ಸಲ್ಲದು. ತಿಳಿದವರು ದಾರಿ ತೋರಿಸಬೇಕು.

ಕೊಡತಿ, ಗಂಗಾವತಿ

ಚಿತ್ರದ ಸಂಗತಿಯನ್ನು ಬೇರೆಯವರು ಹೇಳಲಿ. ನಾನು ನಲವತ್ತು ವರ್ಷ ಬಡಿಗತನ ಮಾಡಿದವನು. "ಈಗ ಮೇಜು ಸರಿಯಾಗಿದೆ" ಎಂಬ ನಿಮ್ಮ ಮಾತಿನ ಮೇಲೆ ನನಗೆ ನಂಬಿಕೆ ಹುಟ್ಟುತ್ತಿಲ್ಲ. ಸೀಳನ್ನು ಅಂಟಿಸಿದ ಮೇಲೆ ಮೇಲ್ಭಾಗವನ್ನು ಚೌಕಟ್ಟಿಗೆ ಮತ್ತೆ ಹೇಗೆ ಕೂರಿಸಿದಿರಿ ಎಂಬುದನ್ನು ನೀವು ಬರೆದಿಲ್ಲ. ಹಳೆಯ ಸ್ಕ್ರೂ ತೂತುಗಳಲ್ಲೇ ಬಿಗಿದಿದ್ದರೆ ಬರುವ ಏಪ್ರಿಲ್‌ಗೆ ಇನ್ನೊಂದು ಪಟಾಕಿ ಹಾರುತ್ತದೆ.

ಮರ ಎಷ್ಟೇ ಹಳೆಯದಾದರೂ ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಗಾಳಿಯ ಆರ್ದ್ರತೆ ಶೇ. 30ರ ಆಸುಪಾಸಿನಲ್ಲಿ ನಿಂತರೆ ಮರದೊಳಗಿನ ನೀರಿನಂಶ ಶೇ. 6ಕ್ಕೆ ಇಳಿಯುತ್ತದೆ, ಆರ್ದ್ರತೆ ಶೇ. 75ಕ್ಕೆ ಏರಿದರೆ ಅದು ಶೇ. 14ರವರೆಗೆ ಹೋಗುತ್ತದೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ 40 ಡಿಗ್ರಿ ದಾಟುವ ಬೇಸಿಗೆಗೂ ಮಳೆಗಾಲಕ್ಕೂ ಇರುವ ಅಂತರ ನಿಮಗೆ ಗೊತ್ತೇ ಇದೆ. ಸಾಗುವಾನಿಯು ಉಳಿದ ಮರಗಳಿಗಿಂತ ಸಾಧು ಸ್ವಭಾವದ್ದು. ಆದರೂ ನೀರಿನಂಶ ಶೇ. 1ರಷ್ಟು ಬದಲಾದರೆ, ಬೆಳವಣಿಗೆಯ ಉಂಗುರಗಳಿಗೆ ಅಡ್ಡವಾಗಿ ಕೊಯ್ದ ಹಲಗೆ ಅಗಲದಲ್ಲಿ ಸುಮಾರು ಶೇ. 0.1ರಷ್ಟು, ಉಂಗುರಗಳ ಗುಂಟ ಕೊಯ್ದ ಹಲಗೆ ಅದರ ಹೆಚ್ಚುಕಡಿಮೆ ಇಮ್ಮಡಿಯಷ್ಟು ಕುಗ್ಗುತ್ತದೆ ಅಥವಾ ಹಿಗ್ಗುತ್ತದೆ. 42 ಇಂಚಿನ ನಿಮ್ಮ ಮೇಜಿಗೆ ನೀರಿನಂಶ ಶೇ. 5 ಬದಲಾದರೆ ಐದರಿಂದ ಹತ್ತು ಮಿಲಿಮೀಟರ್ ವ್ಯತ್ಯಾಸ ಬರಬೇಕು. ನೀವು ಅಳೆದ ಆರು ಮಿಲಿಮೀಟರ್ ಲೆಕ್ಕಕ್ಕೆ ಸರಿಹೊಂದುತ್ತದೆ. ಉದ್ದದಲ್ಲಿ ಮಾತ್ರ ಮರ ಅಲುಗುವುದಿಲ್ಲವೆಂದೇ ಹೇಳಬಹುದು. ಚೌಕಟ್ಟಿನ ಅಡ್ಡಪಟ್ಟಿಗಳು ಕುಗ್ಗದೆ ನಿಂತು ಮೇಲಿನ ಹಲಗೆ ಕುಗ್ಗಲು ಹೊರಟಾಗ, ಸೀಳದೆ ಅದಕ್ಕೆ ಬೇರೆ ದಾರಿಯೇ ಇರಲಿಲ್ಲ.

ಚೌಕಟ್ಟಿನ ಒಳಮುಖದಲ್ಲಿ ಉದ್ದುದ್ದ ಗಾಡಿ (ತೋಡು) ಕೊರೆದು, ಒಂದು ತುದಿಗೆ ನಾಲಗೆ ತೆಗೆದ ಚಿಕ್ಕ ಮರದ ಚಿಪ್ಪುಗಳನ್ನು ಆ ಗಾಡಿಗಳಲ್ಲಿ ಕಚ್ಚಿಸಿ, ಚಿಪ್ಪನ್ನಷ್ಟೇ ಮೇಲಿನ ಹಲಗೆಗೆ ಸ್ಕ್ರೂ ಮಾಡಿರಿ. ನಾಲಗೆಗೂ ಗಾಡಿಯ ತಳಕ್ಕೂ ನಡುವೆ ಅರ್ಧ ಇಂಚು ಎಡೆ ಇರಲಿ. ಉಣ್ಣಲು ಎಡೆ ಇಡುವ ಮೇಜು ತನಗೂ ಒಂದಿಷ್ಟು ಎಡೆ ಕೇಳುತ್ತದೆ ಎಂದು ನಮ್ಮ ಗುರುಗಳು ತಮಾಷೆ ಮಾಡುತ್ತಿದ್ದರು.

ತೊಲೆಬಾಗಿಲು, ಕೊಪ್ಪಳ

ತಾವು ಹಿಡಿದ ತಪ್ಪು ನಿಜ. ನಾನು ಹಳೆಯ ತೂತುಗಳಲ್ಲೇ ಬಿಗಿದಿದ್ದೆ. ನಿನ್ನೆ ನಾಲ್ವರು ಸೇರಿ ಮೇಲ್ಭಾಗವನ್ನು ಎತ್ತಿ ಗೋಡೆಗೆ ಒರಗಿಸಿದ್ದೇವೆ. ಬೆಸುಗೆಯ ಹಲಗೆಯೊಂದೇ 85 ಕಿಲೋಗ್ರಾಂ ಹತ್ತಿರವಿದೆ.

ಕೃಷ್ಣೆದಂಡೆ, ರಾಯಚೂರು

ಹಳೆಯ ಮನೆ ಇಳಿಸಿ ಸಾಗುವಾನಿಯನ್ನು ಸಾಗಿಸಲು ಹೊರಟಿರುವ ಇತರರು ಗಮನಿಸಬೇಕಾದ ಒಂದು ಮಾತಿದೆ. ಕರ್ನಾಟಕ ಅರಣ್ಯ ಕಾಯ್ದೆ 1963 ಮತ್ತು ಅದರಡಿಯ 1969ರ ನಿಯಮಗಳ ಪ್ರಕಾರ ಮರಮುಟ್ಟಿನ ಸಾಗಾಟಕ್ಕೆ ರಹದಾರಿಯ ಕಟ್ಟುಪಾಡಿದೆ. ಮನೆ ಇಳಿಸುವ ಮೊದಲೇ ತೊಲೆಗಳು ಗೋಡೆಯ ಮೇಲಿರುವಾಗ ಚಿತ್ರ ತೆಗೆದಿಟ್ಟುಕೊಂಡು, ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ ಕಾಗದ ಪಡೆದು ಹೊರಡುವುದು ಲೇಸು. ನನ್ನ ಮಾವನವರ ಟ್ರ್ಯಾಕ್ಟರ್ ಎರಡು ಜಂತಿಗಳಿಗಾಗಿ ಇಡೀ ದಿನ ರಸ್ತೆ ಬದಿಯಲ್ಲಿ ನಿಂತಿತ್ತು.

ಬೆಳಕಿಂಡಿ, ಬಳ್ಳಾರಿ

ಮದುವೆ ಚಿತ್ರಗಳಿಂದ ಹೊಟ್ಟೆ ಹೊರೆಯುವ ನಾನು ಪೀಠೋಪಕರಣಗಳ ಚಿತ್ರವನ್ನೂ ಆಗಾಗ ತೆಗೆಯುತ್ತೇನೆ. ವಧುವಿಗಿಂತ ಮೇಜು ಸುಲಭ, ಏಕೆಂದರೆ ಅದು ಅಲುಗುವುದಿಲ್ಲ ಎಂದು ಬರೆಯಲು ಹೊರಟಿದ್ದೆ. ಮೇಲಿನ ಹಿರಿಯರ ಮಾತು ಓದಿದ ಮೇಲೆ ಅದನ್ನು ಹಿಂದಕ್ಕೆ ಪಡೆದಿದ್ದೇನೆ.

ನಿಮ್ಮ ಮೇಜು ದೋಣಿಯಾಗುವುದಕ್ಕೆ ಲೆನ್ಸ್ ಒಂದೇ ಕಾರಣವಲ್ಲ, ನೀವು ನಿಂತ ಜಾಗವೂ ಕಾರಣ. ಫೋನಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ ಫಿಲ್ಮ್ ಕ್ಯಾಮೆರಾದ 24ರಿಂದ 26 ಮಿಲಿಮೀಟರ್ ಲೆನ್ಸಿಗೆ, ಅಂದರೆ ಅಗಲ ನೋಟದ ಲೆನ್ಸಿಗೆ, ಸಮ. ಒಂಬತ್ತು ಅಡಿಯ ಮೇಜು ಅದರ ಚೌಕಟ್ಟಿನಲ್ಲಿ ಹಿಡಿಸಬೇಕಾದರೆ ಎಂಟು ಅಡಿ ದೂರ ಸಾಕಾಗುತ್ತದೆ, ಆದುದರಿಂದ ಎಲ್ಲರೂ ಅಲ್ಲಿಯೇ ನಿಲ್ಲುತ್ತಾರೆ. ಮೂಲೆಯ ಕಡೆಯಿಂದ ನೋಡಿದಾಗ ಹತ್ತಿರದ ತುದಿ ನಾಲ್ಕು ಅಡಿಯಲ್ಲಿ, ದೂರದ ತುದಿ ಹನ್ನೆರಡು ಅಡಿಯಲ್ಲಿ ಇದ್ದರೆ, ಹತ್ತಿರದ್ದು ಮೂರು ಪಟ್ಟು ದೊಡ್ಡದಾಗಿ ಕಾಣಲೇಬೇಕು. ಅದರ ಬದಲು ಎರಡು ಪಟ್ಟು ಜೂಮ್ ಇಟ್ಟು, ಅಂದರೆ 50 ಮಿಲಿಮೀಟರಿನ ಆಸುಪಾಸಿಗೆ ಬಂದು, ಹದಿನೈದು ಹದಿನಾರು ಅಡಿ ಹಿಂದೆ ಸರಿಯಿರಿ. ಆಗ ಎರಡು ತುದಿಗಳ ದೂರದ ಅನುಪಾತ ತಗ್ಗಿ ಮೇಜು ತನ್ನ ಆಕಾರಕ್ಕೆ ಮರಳುತ್ತದೆ. ಪಡಸಾಲೆಯಲ್ಲಿ ಅಷ್ಟು ಜಾಗವಿರುವುದಿಲ್ಲ ಎಂಬುದು ನನಗೆ ಗೊತ್ತು. ಬಾಗಿಲು ತೆರೆದು, ಹೊಸ್ತಿಲಿನಿಂದ ನಾಲ್ಕು ಅಡಿ ಆಚೆ ಅಂಗಳದಲ್ಲಿ ನಿಲ್ಲಿರಿ. 50 ಮಿಲಿಮೀಟರಿನ ನೋಟ ಅಷ್ಟು ದೂರದಲ್ಲಿ ಮೂರು ಅಡಿಗಿಂತ ಕಡಿಮೆ ಅಗಲವನ್ನು ಬಯಸುವುದರಿಂದ, ಮೂರೂವರೆ ಅಡಿಯ ಬಾಗಿಲಿನೊಳಗಿಂದ ಅದು ಚೌಕಟ್ಟಿಗೆ ತಾಗದೆ ಒಳಗೆ ಹೋಗುತ್ತದೆ.

ಎರಡನೆಯದು ಎತ್ತರ. ನಿಂತ ಕಣ್ಣಿನ ಎತ್ತರದಿಂದ ತೆಗೆದರೆ ಮೇಲ್ಭಾಗ ಹೆಚ್ಚು ಕಂಡು ಕಾಲುಗಳು ಗಿಡ್ಡವಾಗುತ್ತವೆ; ನಿಮ್ಮ ಶಾಲೆಯ ಬೆಂಚು ಹುಟ್ಟಿದ್ದು ಅಲ್ಲಿಯೇ. ಫೋನನ್ನು ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಕೆಳಕ್ಕೆ ಹೆಚ್ಚು ಬಾಗಿಸದೆ ಹಿಡಿದರೆ ಮೇಲ್ಮೈ, ಅಂಚಿನ ದಪ್ಪ, ಕಾಲು ಮೂರೂ ಹದವಾಗಿ ಸಿಗುತ್ತವೆ.

ಬೆಳಕಿನ ವಿಷಯದಲ್ಲಿ ನಾನು ಹಟಮಾರಿ. ಟ್ಯೂಬ್‌ಲೈಟುಗಳನ್ನೆಲ್ಲ ಆರಿಸಿರಿ. ಕಿಟಕಿಯ ಬೆಳಕಿಗೂ ಅದಕ್ಕೂ ಬಣ್ಣ ಕೂಡುವುದಿಲ್ಲ, ಎರಡನ್ನೂ ಕಂಡ ಫೋನು ಯಾವುದನ್ನು ಬಿಳಿ ಎನ್ನಬೇಕೆಂದು ತಿಳಿಯದೆ ಮರಕ್ಕೆ ಕಿತ್ತಳೆ ಬಳಿಯುತ್ತದೆ. ಒಂದೇ ಬದಿಯ ಕಿಟಕಿಯಿಂದ ಬೆಳಿಗ್ಗೆ ಎಂಟರೊಳಗೆ ಬೀಳುವ ಓರೆ ಬೆಳಕಿಗೆ ಮರದ ಗೆರೆಗಳನ್ನು ಎಬ್ಬಿಸಿ ತೋರಿಸುವ ಗುಣವಿದೆ. ಬಿಸಿಲು ನೇರವಾಗಿ ಒಳಗೆ ನುಗ್ಗುತ್ತಿದ್ದರೆ ಒಂದು ಬಿಳಿ ಧೋತರವನ್ನು ಕಿಟಕಿಗೆ ಕಟ್ಟಿರಿ. ಬಿಳಿ ಪಟ್ಟೆಗೆ ಎರಡು ಉಪಾಯಗಳಿವೆ. ಪ್ರತಿಫಲನದ ಬೆಳಕನ್ನು ತಡೆಯುವ, ಫೋನಿಗೆ ಸಿಕ್ಕಿಸುವ ಪೋಲರೈಸರ್ ಸೋಸುಗ (ಫಿಲ್ಟರ್) ಸಿಕ್ಕರೆ, ಮೇಜಿನ ಮೇಲ್ಮೈಗೆ ಸುಮಾರು 34 ಡಿಗ್ರಿ ಓರೆಯಿಂದ ನೋಡುತ್ತ ಅದನ್ನು ಮೆಲ್ಲಗೆ ತಿರುಗಿಸಿರಿ. ಆ ಕೋನದಲ್ಲಿ ಪಾಲಿಶಿನ ಮೇಲಿನ ಪ್ರತಿಫಲನ ಬಹುಮಟ್ಟಿಗೆ ಅಳಿದುಹೋಗುತ್ತದೆ. ಸಿಗದಿದ್ದರೆ ಕರಿ ಕಂಬಳಿಯನ್ನು ಎದುರಿನ ಕಿಟಕಿಗೆ ಇಳಿಬಿಡಿ. ನನ್ನ ಚೀಲದಲ್ಲಿ ಸಾವಿರಾರು ರೂಪಾಯಿಯ ಕಪ್ಪು ಬಟ್ಟೆಗಳಿವೆ, ಆದರೂ ಅಜ್ಜನ ಕಂಬಳಿಯಷ್ಟು ಬೆಳಕನ್ನು ಯಾವುದೂ ಕುಡಿಯುವುದಿಲ್ಲ.

ಕೊನೆಯ ಮಾತು: ಖಾಲಿ ಮೇಜಿನ ಚಿತ್ರದಲ್ಲಿ ಒಂಬತ್ತು ಅಡಿ ಎಂಬುದಕ್ಕೆ ಸಾಕ್ಷಿಯೇ ಇರುವುದಿಲ್ಲ. ಕಣ್ಣಿಗೆ ಪರಿಚಿತ ಅಳತೆಯ ವಸ್ತುವೊಂದು ಬೇಕು. ಹೂದಾನಿ ಇಡಬೇಡಿ, ಅದು ಯಾವ ಗಾತ್ರದ್ದೂ ಇರಬಹುದು. ಗಂಗಾಳ ಇಡಿ.

ಅಗಸೆಹಿಂಡಿ, ಕುಷ್ಟಗಿ

ನಮ್ಮ ಕಡೆ ಅಗಸೆ ಎಣ್ಣೆಗೆ ಕೊರತೆಯಿಲ್ಲ. ಮೇಜಿಗೆ ಅದನ್ನೇ ಬಳಿಯಬಹುದೇ? ಅಂಗಡಿಯ ಸ್ಪಿರಿಟ್ ಪಾಲಿಶ್ ಬಳಿಸಿದ ನಮ್ಮ ಹಳೆಯ ಮೇಜಿನ ಮೇಲೆ ಬಿಸಿ ಸಾರಿನ ಪಾತ್ರೆ ಇಟ್ಟಲ್ಲೆಲ್ಲ ಬಿಳಿ ಉಂಗುರಗಳು ಎದ್ದಿವೆ.

ಕೊಡತಿ, ಗಂಗಾವತಿ

ಸ್ಪಿರಿಟ್ ಪಾಲಿಶ್ ಎಂದರೆ ಅರಗು. ಬಿಸಿಗೆ ಮೆತ್ತಗಾಗುವುದು ಅದರ ಹುಟ್ಟುಗುಣ. ಕಪಾಟಿಗೆ ಅದು ಸರಿ, ಊಟದ ಮೇಜಿಗೆ ಸಲ್ಲದು. ಗಾಣದ ಹಸಿ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಸಮಯ ಬೇಡುತ್ತದೆ. ತೆಳ್ಳಗೆ ಹಚ್ಚಿ, ಅರ್ಧ ಗಂಟೆಯೊಳಗೆ ಒರೆಸಿ, ಒಂದೊಂದು ಕೈಯ ನಡುವೆ ಸಾಕಷ್ಟು ದಿನ ಬಿಟ್ಟರೆ ಮರದ ಬಣ್ಣ ಆಳವಾಗುತ್ತದೆ. ಆದರೆ ನೀರಿನ ಕಲೆಯನ್ನೂ ಅರಿಸಿನವನ್ನೂ ಅದು ಹೆಚ್ಚು ತಡೆಯಲಾರದು. ಹತ್ತು ಜನ ದಿನವೂ ಉಣ್ಣುವ ಮೇಜಿಗೆ ಹೊಳಪಿಲ್ಲದ ಪಾಲಿಯುರೆಥೇನ್ ಪಾಲಿಶ್ ಬಳಿಯುವುದೇ ನನ್ನ ಸಲಹೆ. ಹೊಳಪು ಕಡಿಮೆಯಾದಷ್ಟೂ ಬಳ್ಳಾರಿಯವರ ಕಂಬಳಿಗೆ ಕೆಲಸ ಕಡಿಮೆ.

ಎಚ್ಚರಿಕೆಯ ಮಾತೊಂದನ್ನು ಮರೆಯಬೇಡಿ. ಅಗಸೆ ಎಣ್ಣೆ ಒರೆಸಿದ ಅರಿವೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅವು ತಮ್ಮಷ್ಟಕ್ಕೆ ತಾವೇ ಕಾಯ್ದು ಹೊತ್ತಿಕೊಳ್ಳುತ್ತವೆ. ಒಂದೊಂದನ್ನೂ ಬಿಡಿಸಿ ತಂತಿಯ ಮೇಲೆ ಹರವಿ ಒಣಗಿಸಿರಿ. ನಮ್ಮ ಬೇಸಿಗೆಯಲ್ಲಂತೂ ಇದನ್ನು ಎರಡು ಸಲ ಹೇಳಬೇಕು.

ಚಿತ್ತಾರ, ಕಿನ್ನಾಳ

ಕಿತ್ತ ಮೊಳೆಗಳ ತೂತುಗಳನ್ನು ಏನಿಂದ ತುಂಬಿದಿರಿ? ನಮ್ಮ ಊರಿನ ಗೊಂಬೆಗಳಲ್ಲಿ ಹುಣಸೆ ಬೀಜದ ಅಂಟಿಗೆ ಮರದ ಪುಡಿ, ನೆನೆಸಿ ಒಣಗಿಸಿ ಪುಡಿ ಮಾಡಿದ ಗೋಣಿಯ ನಾರು ಬೆರೆಸಿದ ಕಿಟ್ಟವನ್ನು ಬಳಸುತ್ತಾರೆ. ಜಿಲ್ಲೆಯ ಮರಗೆಲಸಕ್ಕೆ ಜಿಲ್ಲೆಯದೇ ಕಿಟ್ಟವಾದರೆ ಚೆನ್ನ ಎಂದು ಆಸೆ. ಆದರೆ ನಾನೇ ಒಂದು ಅನುಮಾನವನ್ನೂ ಮುಂದಿಡುತ್ತೇನೆ: ಗೊಂಬೆಯ ಮೇಲೆ ಬಣ್ಣದ ಹೊದಿಕೆಯಿರುತ್ತದೆ, ಅದನ್ನು ಯಾರೂ ದಿನಕ್ಕೆ ಮೂರು ಸಲ ಒದ್ದೆ ಅರಿವೆಯಿಂದ ಒರೆಸುವುದಿಲ್ಲ. ನೀರು ತಾಗಿದರೆ ಹುಣಸೆ ಅಂಟು ಮೆತ್ತಗಾಗಬಹುದು.

ತೊಲೆಬಾಗಿಲು, ಕೊಪ್ಪಳ

ಅದೇ ಅನುಮಾನದಿಂದ ನಾನು ಮೇಲ್ಮೈಯ ತೂತುಗಳಿಗೆ ಎಪಾಕ್ಸಿ ಅಂಟಿನಲ್ಲಿ ಅದೇ ಮರದ ಹೊಟ್ಟನ್ನು ಕಲಸಿ ತುಂಬಿದ್ದೇನೆ. ಮೊಳೆಯ ಸುತ್ತ ಕಬ್ಬಿಣ ಇಳಿದು ಆಗಿರುವ ಕಪ್ಪು ವರ್ತುಲಗಳನ್ನು ಮಾತ್ರ ಕೆರೆಯದೆ ಬಿಟ್ಟಿದ್ದೇನೆ. ತಮ್ಮ ಮಾತಿನ ಗೌರವಕ್ಕೆ ಚೌಕಟ್ಟಿನ ಕೆಳಗಿನ, ಒರೆಸುವ ಕೈ ಹೋಗದ ಎರಡು ತೂತುಗಳಿಗೆ ಕಿಟ್ಟವನ್ನು ಹಾಕಿ ನೋಡುತ್ತೇನೆ.

ಈ ವಾರದ ವರದಿ ಹೀಗಿದೆ. ಇಪ್ಪತ್ತು ಚಿಪ್ಪುಗಳನ್ನು ಕೊರೆದು ಮೇಲ್ಭಾಗವನ್ನು ಕೂರಿಸಿದೆವು. ಹೊಳಪಿಲ್ಲದ ಪಾಲಿಯುರೆಥೇನಿನ ಮೊದಲ ಕೈ ಕೆಟ್ಟುಹೋಯಿತು: ಗಾಳಿ ಕಾರ್ಖಾನೆಗಳಿರುವ ಗಿಣಿಗೇರಿ ಕಡೆಯಿಂದ ಬೀಸಿದ ದಿನ ಕಿಟಕಿ ತೆರೆದಿಟ್ಟಿದ್ದೆ, ಹಸಿ ಪಾಲಿಶಿನ ಮೇಲೆ ಎಳ್ಳು ಚೆಲ್ಲಿದಂತೆ ಕಪ್ಪು ಧೂಳು ಕುಳಿತಿತು. ಉಜ್ಜಿ ತೆಗೆದು, ನೆಲಕ್ಕೆ ನೀರು ಚಿಮುಕಿಸಿ, ಬಾಗಿಲು ಮುಚ್ಚಿಕೊಂಡು ಮತ್ತೆ ಬಳಿದೆ. ಹೊಸದಾಗಿ ರಂದಾ ಹೊಡೆದ ಕಡೆ ಹಸಿರುಗಟ್ಟಿದ ಪಟ್ಟೆಗಳಿದ್ದವಲ್ಲ, ಅವು ಬೆಳಕು ಬಿದ್ದ ಹತ್ತು ದಿನಗಳಲ್ಲಿ ತಾವಾಗಿಯೇ ಹೊಂಬಣ್ಣಕ್ಕೆ ತಿರುಗಿವೆ. ಕೆಲಸ ಮುಗಿದ ದಿನವೇ ಚಿತ್ರ ತೆಗೆಯಬಾರದೆಂಬುದು ಇದರಿಂದ ತಿಳಿಯಿತು.

ಭಾನುವಾರ ಬೆಳಿಗ್ಗೆ ಏಳೂವರೆಗೆ ಅಂಗಳದಲ್ಲಿ ನಿಂತು, ಬಾಗಿಲಿನೊಳಗಿಂದ, ಎರಡು ಪಟ್ಟು ಜೂಮ್ ಇಟ್ಟು ತೆಗೆದೆ. ಕಿಟಕಿಗೆ ಧೋತರ, ಎದುರು ಗೋಡೆಗೆ ಕಂಬಳಿ. ಹತ್ತು ಗಂಗಾಳಗಳನ್ನು ಇಟ್ಟು ಒಂದು, ಎಲ್ಲವನ್ನೂ ತೆಗೆದು ಒಂದು, ಅವ್ವ ತುದಿಯಲ್ಲಿ ಕುಳಿತು ರೊಟ್ಟಿ ಮುರಿಯುತ್ತಿರುವಾಗ ಒಂದು. ಸೀಳನ್ನು ಬೆಸೆದ ಜಾಗವನ್ನು ಹತ್ತಿರದಿಂದ ತೆಗೆದ ನಾಲ್ಕನೆಯ ಚಿತ್ರವೂ ಇದೆ. ಓರೆ ಬೆಳಕಿನಲ್ಲಿ ಆ ಗೆರೆ ಕೂದಲಿನಷ್ಟು ತೆಳ್ಳಗೆ ಕಾಣುತ್ತದೆ, ಮುಚ್ಚಿಡುವ ಮನಸ್ಸಾಗಲಿಲ್ಲ.

ನಾಲ್ಕನ್ನೂ ಅಕ್ಕನಿಗೆ ಕಳಿಸಿದೆ. ಪ್ಲೈವುಡ್ಡಿನ ಮಾತು ಈ ಸಲ ಬರಲಿಲ್ಲ. ಅವಳು ಶಾಲೆಯಲ್ಲಿ ಗಣಿತ ಕಲಿಸುವವಳು. ಚಿತ್ರ ನೋಡಿ ಒಂದು ಗಂಟೆಯ ಮೇಲೆ ಕರೆ ಮಾಡಿ, ನಾಲ್ಕು ತೊಲೆ ಸೇರಿ ಹನ್ನೊಂದೂಮುಕ್ಕಾಲು ಘನ ಅಡಿಗೆ ಹತ್ತಿರವಾಗುತ್ತದೆ, ನಿನ್ನ ಮೇಜು ಕಾಲುಸಹಿತ ಆರು ಘನ ಅಡಿ ದಾಟುವುದಿಲ್ಲ, ಉಳಿದದ್ದು ಎಲ್ಲಿ ಎಂದು ಕೇಳಿದಳು. ಗರಗಸದ ಹೊಟ್ಟು, ಮೊಳೆ ತಿಂದ ತುದಿಗಳು, ರಂದಾ ಸುರುಳಿಗಳು ಎಂದು ಎಷ್ಟು ವಿವರಿಸಿದರೂ ಅವಳಿಗೆ ಸಮಾಧಾನವಿಲ್ಲ. ಮಾಳಿಗೆಯ ಮೇಲೆ ಒಟ್ಟಿರುವ ತುಂಡುಗಳ ರಾಶಿಯನ್ನೂ ಚಿತ್ರ ತೆಗೆದು ಕಳಿಸಬೇಕಂತೆ.

ಬೆಳಕಿಂಡಿ, ಬಳ್ಳಾರಿ

ರಾಶಿಯ ಪಕ್ಕದಲ್ಲೂ ಒಂದು ಗಂಗಾಳ ಇಡಿ.

ಕೊಡತಿ, ಗಂಗಾವತಿ

ರಾಶಿಯಲ್ಲಿ ನಾಲ್ಕು ಅಡಿಗಿಂತ ಉದ್ದದ ತುಂಡುಗಳು ಎಷ್ಟಿವೆ ಎಂದು ಎಣಿಸಿ ತಿಳಿಸಿರಿ. ಎಂಟು ಇದ್ದರೆ ಮೇಜಿನ ಒಂದು ಬದಿಗೆ ಬೆಂಚು ಆಗುತ್ತದೆ. ಈ ಸಲ ಅಂಟಿಸುವುದಕ್ಕೆ ಮಳೆ ನಿಂತು ಗಾಳಿ ಒಣಗುವವರೆಗೆ ಕಾಯಿರಿ.